ಹೆಸರು ಕಟ್ಟಿದ ಬಾಟಲಿ

"ಅಮ್ಮಾ, ವೈ ದೂಮಪ್ಪ ಅಂಕಲ್ ನೇಮ್ ನಮ್ಮ ಜ್ಯೂಸ್ ಬಾಟಲ್ ಮೇಲೆ ಇದೆ?" ಎಂದು ಪ್ರತೀಕ್ ಫ್ರಿಜ್ ತೆರೆದು ಕೇಳಿದ. ನಿಕಿತಾ ಆ ಪ್ರಶ್ನೆಯನ್ನು ಶುಕ್ರವಾರದ ಸಂಜೆ ತಪ್ಪದೆ ಬರುವ ಪಕ್ಕದ ಮನೆಯ ದೂಮಪ್ಪನವರಿಗೇ ದಾಟಿಸಿದಳು.

ಅಮೆರಿಕದ ಕ್ಯಾರಿ ಊರಿಗೆ ಬರುವ ಮೊದಲು ಅವರು ಹದಿನೆಂಟು ವರ್ಷ ಜಪಾನಿನ ಒಸಾಕಾದಲ್ಲಿ ಒಬ್ಬಂಟಿ ಎಂಜಿನಿಯರ್. ಅಲ್ಲಿ ಎಂಟೇ ಕುರ್ಚಿಗಳ ಒಂದು ಬಾರು. ಗಿರಾಕಿ ಕೊಂಡ ವಿಸ್ಕಿ ಬಾಟಲಿಯ ಕೊರಳಿಗೆ ಅವನ ಹೆಸರು ಕಟ್ಟಿ, ಮತ್ತೆ ಬರುವವರೆಗೆ ಕಪಾಟಿನಲ್ಲಿಡುವುದು ಅಲ್ಲಿಯ ಪದ್ಧತಿ. ಅದೇ ಅಭ್ಯಾಸದಲ್ಲಿ ಅವರು ಈ ಮನೆಯ ಜ್ಯೂಸ್ ಬಾಟಲಿಗೂ ತಮ್ಮ ಹೆಸರು ಕಟ್ಟಿದ್ದರು.

"ಹೆಂಗಸರು ಪಕ್ಕದಲ್ಲಿ ಕೂತು ಬಗ್ಗಿಸಿ ಕೊಡೋ ಜಾಗ ಅಂದ್ರೆ ಜನ ಏನೇನೋ ತಿಳ್ಕೊಳ್ತಾರಮ್ಮ. ಹೋದ ವಾರ ನಾನು ಹೇಳಿದ್ದನ್ನ ಯಜಮಾನಿ ಮಿಚಿಕೋ ಈ ವಾರ ನೆನಪಿಟ್ಟು ಕೇಳೋಳು. ಅದು ಅವಳ ಕೆಲಸ, ಗೊತ್ತಿತ್ತು. ಆದ್ರೂ ವಾರವೆಲ್ಲ ಕಾಯ್ತಿದ್ದೆ."

"ಅದನ್ನ ಅವರಿಗೆ ಹೇಳಲೇ ಇಲ್ವಾ, ಅಂಕಲ್?" ನಿಕಿತಾ ಕೇಳಿದಳು.

"ಹೇಳೋ ಧೈರ್ಯ ಇದ್ದಿದ್ರೆ ಇಲ್ಲಿ ಕೂತು ನಿನ್ನ ಪುನರ್ಪುಳಿ ಜ್ಯೂಸ್ ಯಾಕೆ ಕುಡೀತಿದ್ದೆ?"

ಕೊರೊನಾ ವರ್ಷ ಬಾರು ಮುಚ್ಚಿದ್ದಾಗಲೇ ಅವರಿಗೆ ಇಲ್ಲಿಗೆ ವರ್ಗವಾಗಿತ್ತು. ಅರ್ಧ ಬಾಟಲಿ ಅಲ್ಲೇ ಉಳಿದಿತ್ತು. ನಿಕಿತಾ ಮುಂದಿನ ತಿಂಗಳು ಆಫೀಸ್ ಕೆಲಸಕ್ಕೆ ಒಸಾಕಾಗೆ ಹೊರಟಿದ್ದಳು.

ದೂಮಪ್ಪ ಲೋಟ ಕೆಳಗಿಟ್ಟರು. "ಒಂದು ಉಪಕಾರ ಮಾಡ್ತೀಯಾಮ್ಮ? ಆ ಕಪಾಟಲ್ಲಿ ನನ್ನ ಹೆಸರು ಇನ್ನೂ ಇದ್ಯಾ ನೋಡು. ಇದ್ರೆ, 'ತೆಗೀಬೇಡಿ, ದೂಮಪ್ಪ ಬರ್ತಾನಂತೆ' ಅಂತ ಮಿಚಿಕೋಗೆ ಹೇಳು."