ಕುರ್ಚಿಯ ಊಟ

ಎಂಬತ್ತರ ದಶಕದಲ್ಲಿ ಸಿರುಗುಪ್ಪದ ಅಕ್ಕಿ ಗಿರಣಿಯ ಮೆಟ್ಟಿಲಲ್ಲಿ ಜಾರಿ ಬಿದ್ದು ಪಾದದ ಕೀಲಿನ ಹೊರಮಗ್ಗುಲ ಮೂಳೆ ಮುರಿದುಕೊಂಡೆ. ಬಳ್ಳಾರಿಯ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, "ಸ್ಕ್ರೂ ಕೀಲಿನೊಳಗ ಹೋಗಬಾರದು. ಹೊರಮಗ್ಗಲಿಂದ ಹಾಕೋದು ಸುಲಭ, ಆದ್ರ ಅಲ್ಲಿ ಚರ್ಮ ತೆಳ್ಳಗ ಐತಿ, ಚಕ್ಕಳಮಕ್ಕಳ ಹಾಕಿ ಕುಂತ್ರ ಸ್ಕ್ರೂ ತಲಿ ನೆಲಕ್ಕ ಒತ್ತತೈತಿ. ಊಟಕ್ಕ ನೆಲದ ಮ್ಯಾಲ ಕುಂದರ್ತೀರೇನು? ಹಂಗಿದ್ರ ಹಿಂದಿನಿಂದ ಹಾಕ್ತೀನಿ" ಎಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿಯ ತಮ್ಮ ಎದೆಯುಬ್ಬಿಸಿ, "ಏ, ಇಲ್ಲ ಬಿಡ್ರಿ ಸರ್! ನಮ್ಮ ಭಾವಾರಿಗೆ ಡೈನಿಂಗ್ ಟೇಬಲ್ ಕೊಟ್ಟೀವಿ. ಕುರ್ಚಿ ಮ್ಯಾಲ ಕುಂತೇ ಉಣ್ತಾರ" ಅಂದುಬಿಟ್ಟ. ಡಾಕ್ಟರು ಮೊದಲು ಅವನ ಬಾಯಿಗೆ ಹೊಲಿಗೆ ಹಾಕಬೇಕಿತ್ತು. ಮದುವೆಯಲ್ಲಿ ಕೊಟ್ಟ ಆ ಟೇಬಲ್ ಮೇಲೆ ನಾವು ಹಾಸಿಗೆ ಒಟ್ಟುತ್ತಿದ್ದೆವು. ಆದರೆ ಅದನ್ನು ಕೊಟ್ಟ ಮಾವನವರು ಮಂಚದ ಪಕ್ಕದಲ್ಲೇ ನಿಂತಿದ್ದರು. ನೆಲದ ಮೇಲೆಯೇ ಉಣ್ಣುತ್ತೇವೆಂದು ಹೇಗೆ ಹೇಳಲಿ?

ಡಾಕ್ಟರು ಹೊರಮಗ್ಗುಲಿನಿಂದಲೇ ಸ್ಕ್ರೂ ಹಾಕಿದರು. ಮೂಳೆ ಕೂಡಿತು. ಚಕ್ಕಳಮಕ್ಕಳ ಹಾಕಿ ಕೂತರೆ ಮಾತ್ರ ಪ್ರಾಣ ಹೋಗುತ್ತಿತ್ತು. ಸ್ಕ್ರೂ ತೆಗೆಸಲು ಮತ್ತೆ ಕೊಯ್ಯಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ.

ಮುಂದೆ ಕುರುಗೋಡಿನಲ್ಲಿ ಅದೇ ಭಾವಮೈದುನನ ಮದುವೆ. ಎಲ್ಲರೂ ಪಂಕ್ತಿಯಲ್ಲಿ ಎಲೆಯ ಮುಂದೆ ಕೂತು ನಗುತ್ತಿದ್ದರು. ನಾನೊಬ್ಬನೇ ಕುರ್ಚಿಯಲ್ಲಿ, ತೊಡೆಯ ಮೇಲೆ ತಟ್ಟೆಯಿಟ್ಟುಕೊಂಡು, ಅವರ ನೆತ್ತಿಗಳನ್ನು ನೋಡುತ್ತಿದ್ದೆ. ಬಾಸಿಂಗ ಕಟ್ಟಿಕೊಂಡ ಮದುಮಗ ದೂರದಿಂದಲೇ ಕೂಗಿದ:

"ಲೇ, ನಮ್ಮ ಭಾವಾರಿಗೊಂದು ಟೇಬಲ್ ತರ್ರಿಲೇ!"