ಬಸ್ಸಿಗೊಂದು ‘ರಿ’

ಮೊನ್ನೆ ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಕೂತಿದ್ದೆ. ಡೀಸೆಲ್ ಹೊಗೆಯ ಜೊತೆಗೆ ಮಂಡಕ್ಕಿ ಒಗ್ಗರಣೆಯ ವಾಸನೆ ಮೂಗಿಗೆ ಬಡಿಯಿತು ನೋಡಿ, ನಮ್ಮ ಗಿರಿಜತ್ತೆ ನೆನಪಾದಳು. ಅಪ್ಪನ ಅಕ್ಕ, ಹರಿಹರದಲ್ಲಿ ನಮ್ಮ ಜೊತೆಗೇ ಇದ್ದಳು. ಆಗಿನ್ನೂ ಮಾಯಕೊಂಡದಿಂದಾಚೆಗಿನ ಪ್ರಪಂಚ ಕಂಡವಳಲ್ಲ. ಆದರೂ ಪ್ರಯಾಣದ ವಿಷಯ ಬಂದರೆ ಅವಳೆದುರು ಯಾರೂ ಬಾಯಿ ಬಿಡುವಂತಿರಲಿಲ್ಲ.

ಐವತ್ತರ ದಶಕದ ಕೊನೆ. ಪಕ್ಕದ ಮನೆಗೆ ಕಲ್ಕತ್ತೆಯ ದಂಪತಿ ಬಂದರು. ಗಂಡ ಕಾರ್ಖಾನೆಯಲ್ಲಿ ಎಂಜಿನಿಯರು, ಆರಡಿ ಆಳು. ಹೆಂಡತಿ ಮಾಧುರಿ. ದಿನಗಟ್ಟಲೆ ರೈಲಿನಲ್ಲಿ ಕೂತು ದೇಶವನ್ನೇ ದಾಟಿ ಬಂದವಳು, ಹರಿಹರದಿಂದ ದಾವಣಗೆರೆಗೆ ಹೋಗಲಾರದೆ ಅತ್ತಳು. ಆಗಿನ ಖಾಸಗಿ ಬಸ್ಸುಗಳೇ ಹಾಗೆ: ಹತ್ತಿ ಮೂಟೆಗೆ ಜಾಗವಿತ್ತು, ಮನುಷ್ಯರಿಗಿರಲಿಲ್ಲ.

ಗಿರಿಜತ್ತೆ ಅವಳನ್ನು ಶಿಷ್ಯೆಯಾಗಿ ಸ್ವೀಕರಿಸಿದಳು. ವಾರಕ್ಕೊಮ್ಮೆ ಇಬ್ಬರೂ ದಾವಣಗೆರೆ ಪೇಟೆಗೆ ಹೊರಡುತ್ತಿದ್ದರು. ಕಾಲೇಜಿಗೆ ಹೋಗುವ ನಾನೂ ಅದೇ ಬಸ್ಸಿನಲ್ಲಿ, ಇವರು ಯಾರೋ ಎಂಬಂತೆ ಪುಸ್ತಕದಲ್ಲಿ ಮುಖ ಹುದುಗಿಸಿ ನಿಂತಿರುತ್ತಿದ್ದೆ. ಅತ್ತೆ ಮೆಟ್ಟಿಲು ಹತ್ತುತ್ತಲೇ ಮಾಧುರಿಯ ಕಡೆ ಕೈ ತೋರಿಸಿ, “ಬಸುರಿ ಐತೆ, ಜಾಗ ಬಿಡ್ರಿ” ಎನ್ನುವಳು. ಗಂಡಸರು ಗಡಬಡಿಸಿ ಏಳುವರು. ಪಕ್ಕದಲ್ಲಿ ಅತ್ತೆಯೂ ಆರಾಮಾಗಿ ಕೂರುವಳು. ಮಾಧುರಿ ಬಸುರಿಯಾಗಿರಲಿಲ್ಲವೆಂದು ಬೇರೆ ಹೇಳಬೇಕಿಲ್ಲವಲ್ಲ.

ಮಾಧುರಿ ಬುದ್ಧಿವಂತೆ. ಬರ್ರಿ, ಕೂಡ್ರಿ, ಹೋಗ್ರಿ ಎಂದು ಇಲ್ಲಿಯವರು ಎಲ್ಲದಕ್ಕೂ ಮರ್ಯಾದೆಯ ‘ರಿ’ ಹಚ್ಚುವುದನ್ನು ಗಮನಿಸಿದ್ದಳು. ಅಂತೆಯೇ ಬಸ್ಸಿಗೂ ಒಂದು ‘ರಿ’ ಹಚ್ಚಿದರೆ ಸೀಟು ಸಿಗುತ್ತದೆಂದು ತಿಳಿದಳು. ತಿಳಿದದ್ದನ್ನು ಗಂಡನಿಗೂ ಹೇಳಿಕೊಟ್ಟಳು.

ಒಂದು ಸೋಮವಾರ ಆ ಆರಡಿ ಎಂಜಿನಿಯರು ತುಂಬಿದ ಬಸ್ಸು ಹತ್ತಿ, ಟೊಪ್ಪಿಗೆ ತೆಗೆದು, ಬಲು ವಿನಯದಿಂದ, “ನಾನು ಬಸುರಿ” ಎಂದರು.

ಕಂಡಕ್ಟರ್ ರುದ್ರಪ್ಪ ಮುಖದ ಗೆರೆ ಸಡಿಲಿಸದೆ, “ಕೂಡ್ರಿ ಸಾಹೇಬ್ರ, ಈಗ ಎಷ್ಟು ತಿಂಗಳಾತ್ರಿ?” ಎಂದು ಕೇಳಿದ. ಆಮೇಲೆ ಎದ್ದ ನಗು ದಾವಣಗೆರೆ ಮುಟ್ಟಿದರೂ ನಿಲ್ಲಲಿಲ್ಲ.

ಕಾರ್ಖಾನೆಯಲ್ಲಿ ಯಾರೋ ಅರ್ಥ ಬಿಡಿಸಿ ಹೇಳಿದರಂತೆ. ಅಂದಿನಿಂದ ಮಾಧುರಿಯ ಬಾಗಿಲು ನಮ್ಮ ಕಡೆಗೆ ತೆರೆಯಲಿಲ್ಲ. ಅತ್ತೆ ಹೋಳಿಗೆ ಮಾಡಿ ಕಳಿಸಿದಳು. ಮುಚ್ಚಿದ ತಟ್ಟೆ ಮುಚ್ಚಿದಂತೆಯೇ ವಾಪಸಾಯಿತು. ಅತ್ತೆ ಪೇಟೆಗೆ ಹೋಗುವುದನ್ನೇ ಬಿಟ್ಟಳು. ಒಬ್ಬಳೇ ಹೋಗಲು ಬೇಸರವೆಂದು ಹೇಳಿಕೊಳ್ಳಲೂ ಅವಳಿಗೆ ನಾಚಿಕೆ.

ತಿಂಗಳುಗಳಾದ ಮೇಲೆ ಒಂದು ಬೆಳಿಗ್ಗೆ ಮಾಧುರಿ ತಾನೇ ಬಂದಳು. ದಾವಣಗೆರೆಯ ಲೇಡಿ ಡಾಕ್ಟರ ಹತ್ತಿರ ಹೋಗಬೇಕು, ಜೊತೆಗೆ ಬನ್ನಿ ಎಂದಳು. ಯಾಕೆಂದು ಕೇಳುವ ಧೈರ್ಯ ಅತ್ತೆಗೆ ಬರಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ನಿಂತಳು. ಮಾಧುರಿಯೇ ಕಂಬ ಹಿಡಿದು ಮೆಲ್ಲಗೆ, “ನಾನು ಬಸುರಿ” ಎಂದಳು. ಇಡೀ ಬಸ್ಸು ನಕ್ಕಿತು. ಒಬ್ಬನೂ ಏಳಲಿಲ್ಲ.

ಬೆವರುತ್ತಿದ್ದ ಆ ಮುಖವನ್ನು ಅತ್ತೆ ದಿಟ್ಟಿಸಿ ನೋಡಿದಳು. ಅತ್ತೆಯ ಕಣ್ಣೇ ತುಂಬಿತು. ಜನರ ಕಡೆ ತಿರುಗಿ, “ಈ ಸಲ ಖರೇ ಐತ್ರಪ್ಪಾ” ಎಂದಳು.

ಆ ಒಂದೇ ಮಾತಿನಿಂದ ಹಿಂದಿನ ಸುಳ್ಳುಗಳೆಲ್ಲ ಒಟ್ಟಿಗೇ ಬಯಲಾದವು. ರುದ್ರಪ್ಪ ಸೀಟಿ ಊದಿ ಬಸ್ಸು ನಿಲ್ಲಿಸಿ, ಮುಂದಿನ ಇಡೀ ಸೀಟು ಖಾಲಿ ಮಾಡಿಸಿದ.

ಮಾಧುರಿ ಹೆರಿಗೆಗೆ ತವರಿಗೆ ಹೊರಟಾಗ ಗಂಡನಿಗೆ ರಜೆ ಸಿಗಲಿಲ್ಲ. ಅವಳನ್ನು ಕಲ್ಕತ್ತೆಗೆ ಮುಟ್ಟಿಸಿ ಬಂದವಳು ನಮ್ಮ ಗಿರಿಜತ್ತೆಯೇ. ಬಂದವಳು ವರ್ಷವಿಡೀ ಆ ಊರನ್ನು ಹೊಗಳಿದಳು. “ಟ್ರಾಮಿನಾಗ ಎಷ್ಟು ಗರ್ದಿ ಇರ್ಲಿ, ಮಾಧುರಿ ನನ್ನ ಕಡೆ ಕೈ ತೋರ್ಸಿ ಅವ್ರ ಮಾತ್ನಾಗ ಏನೋ ಒಂದು ಅಂದ್ಲಂದ್ರ ಸಾಕು, ಎಲ್ರೂ ಎದ್ದು ದೂರ ಸರೀತಿದ್ರು ನೋಡು.”

ಮಾಧುರಿ ಅಲ್ಲಿ ಏನೆನ್ನುತ್ತಿದ್ದಳೋ. ಅತ್ತೆ ಇರುವತನಕ ವಿಚಾರಿಸಲು ನನಗೆ ಮನಸ್ಸಾಗಲಿಲ್ಲ. ಈಗ, ಅತ್ತೆ ಇಲ್ಲದ ಮೇಲೆ, ಒಂದೆರಡು ಬಂಗಾಳಿ ಮಾತು ಕಲಿಯೋಣವೆನಿಸುತ್ತಿದೆ.