ಹಳದಿ ಕಣ್ಣಿನ ಮನೆತನ

ನಿನ್ನೆ ಪಕ್ಕದ ಮನೆಯಾಕೆ ಒಂದು ಬಟ್ಟಲು ನೆಲನೆಲ್ಲಿ ಸೊಪ್ಪು ಅರೆದು ತಂದಿದ್ದರು. ನನ್ನ ಮಗಳು ಹುಟ್ಟಿ ಎರಡು ವಾರವಾದರೂ ಕಣ್ಣಿನ ಹಳದಿ ಇಳಿದಿಲ್ಲ. ಬಾಣಂತಿ ಕುಡಿದರೆ ಕೂಸಿಗೆ ವಾಸಿಯಾಗುತ್ತದಂತೆ. ಆ ಹಸಿರು ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ನಾಲಿಗೆ ಕಹಿಯಾಯಿತು. ಬಾಲ್ಯವಿಡೀ ಅದನ್ನು ಕುಡಿದವನು ನಾನು.

ಹಳೇಬೀಡಿನ ನಮ್ಮ ಮನೆಗೆ ಕಾಮಾಲೆ ಕರೆಯದ ನೆಂಟನಂತೆ ಬರುತ್ತಿತ್ತು. ಬೇಸಿಗೆ ರಜೆಗೆ ಊರ ಮಕ್ಕಳೆಲ್ಲ ಅಜ್ಜಿಯ ಮನೆಗೆ ಹೋದರೆ, ನಾನೂ ತಂಗಿಯೂ ಮಾದಿಹಳ್ಳಿಯ ನಾಟಿ ಪಂಡಿತರ ಮನೆಗೆ. ರಸ ಕುಡಿದ ಮೇಲೆ ಉಪ್ಪಿಲ್ಲದ, ಎಣ್ಣೆಯಿಲ್ಲದ ಪಥ್ಯ. ಹಳದಿ ಕೊಂಚ ಇಳಿಯುತ್ತಿತ್ತು. ತನ್ನ ಪಾಡಿಗೆ ತಾನೇ ಇಳಿಯುತ್ತದೆಂದು ಯಾರಿಗೆ ಗೊತ್ತಿತ್ತು? ಮೇಷ್ಟರಾಗಿದ್ದ ಅಪ್ಪನಿಗಂತೂ, ನಂಬುತ್ತೀರೋ ಇಲ್ಲವೋ, ಅದು ಹೆಮ್ಮೆಯ ವಿಷಯ. “ನಮ್ ವಂಶದೋರ ಕಣ್ಣೇ ಚಿನ್ನದ ಬಣ್ಣ ಕಣ್ರೀ,” ಎಂದು ರೆಪ್ಪೆ ಎಳೆದು ತೋರಿಸುತ್ತಿದ್ದರು. ದೇವಸ್ಥಾನ ನೋಡಲು ಬಂದ ನೆಂಟರು ಇದನ್ನೂ ನೋಡಿಕೊಂಡೇ ಹೋಗಬೇಕಿತ್ತು.

ತಂಗಿ ಹೈಸ್ಕೂಲಿನಲ್ಲಿದ್ದಾಗ ಒಂದು ಜ್ವರದ ಬೆನ್ನಿಗೆ ಸುಣ್ಣದ ಗೋಡೆಯ ಹಾಗೆ ಬಿಳಿಚಿಕೊಂಡಳು. ನಾಲ್ಕು ಹೆಜ್ಜೆಗೆ ಏದುಸಿರು. ಅಪ್ಪ ಪಥ್ಯವನ್ನು ಇನ್ನಷ್ಟು ಬಿಗಿ ಮಾಡಿದರು. ಅವಳು ಸಪ್ಪೆ ಅನ್ನದ ಮುಂದೆಯೇ ತಲೆ ಸುತ್ತಿ ಬಿದ್ದಾಗ, ಅಮ್ಮ ಪಥ್ಯಕ್ಕೂ ಪಂಡಿತರಿಗೂ ಗಂಡನಿಗೂ ಸೇರಿಸಿ ಬೈದು, ಎಲ್ಲರನ್ನೂ ಅರಸೀಕೆರೆಯ ಬಸ್ಸು ಹತ್ತಿಸಿದಳು.

ಅಲ್ಲಿಯ ಡಾಕ್ಟರು ತಂಗಿಯ ಹೊಟ್ಟೆಯ ಎಡಭಾಗ ಒತ್ತಿ ನೋಡಿದರು. “ಗುಲ್ಮ, ಅಂದ್ರೆ ಸ್ಪ್ಲೀನ್, ಊದಿದೆ. ಮನೇಲಿ ಇನ್ಯಾರಿಗಾದ್ರೂ ಕಾಮಾಲೆ ಬರುತ್ತಾ?”

ಅಪ್ಪ ಎದ್ದೇ ನಿಂತರು. “ನಮ್ಮಪ್ಪನಿಗಿತ್ತು ಸಾರ್, ಇವಳಣ್ಣನಿಗೈತೆ. ನಮ್ಮಕ್ಕನಿಗೆ ಚಿಕ್ಕ ವಯಸ್ಸಿಗೇ ಪಿತ್ತಕೋಶದಲ್ಲಿ ಕಲ್ಲು ಬೇರೆ! ನನ್ನ ನೋಡಿ,” ಎಂದು ರೆಪ್ಪೆ ಎಳೆದರು.

“ಮೇಷ್ಟ್ರೇ, ಇದು ಲಿವರ್ ಕಾಯಿಲೆ ಇದ್ದಂಗಿಲ್ಲ. ರಕ್ತದ ಕಣಗಳೇ ಬೇಗ ಒಡೆದು ಹೋಗ್ತಿರಬೇಕು. ನಿಮ್ಮಿಂದ್ಲೇ ಬಂದಿರೋದು. ಮೊದಲು ಹಾಸನಕ್ಕೆ ಹೋಗಿ ರಕ್ತ ಹಾಕಿಸಿ. ತಡ ಮಾಡಿದ್ರೆ ಹುಡುಗಿ ಉಳಿಯಲ್ಲ.”

ಅಪ್ಪನ ಬೆರಳು ರೆಪ್ಪೆಯ ಮೇಲೇ ಉಳಿಯಿತು.

ತಂಗಿ ಉಳಿದಳು. ಪರೀಕ್ಷೆಗಳೂ ಡಾಕ್ಟರ ಮಾತನ್ನೇ ಹೇಳಿದವು. ಚೇತರಿಸಿಕೊಂಡವಳು ಮೊದಲು ಆಡಿದ್ದೇ ಹೀಗೆ: “ಆಸ್ತಿಯೆಲ್ಲ ಅಣ್ಣನಿಗೇ ಅಂತಿದ್ಯಲ್ಲಪ್ಪ, ನಂಗೂ ಪಾಲು ಕೊಟ್ಟಿದ್ದೀಯ!” ನಾವೆಲ್ಲ ನಕ್ಕೆವು. ಅಪ್ಪ ನಗಲಿಲ್ಲ. ವರ್ಷಗಳೇ ಕಳೆದರೂ ಅವಳ ಮುಖ ನೇರ ನೋಡಿ ಮಾತಾಡಲಿಲ್ಲ. ನನಗೆ ಅವರ ಮೇಲೆ ಸಿಟ್ಟಿತ್ತು, ಅಷ್ಟೇ ಕನಿಕರವೂ ಇತ್ತು.

ಇವತ್ತು ಮಗಳಿಗೆ ಹೆಸರಿಡಲು ಸೋದರತ್ತೆಯಾಗಿ ತಂಗಿ ಬಂದಳು. ಹಸುಗೂಸಿಗೆ ಈ ಹಳದಿಯೆಲ್ಲ ಮಾಮೂಲು ಎಂದು ಎಲ್ಲರೂ ಹೇಳಿದ್ದರು. ನಾನೂ ನಂಬಲು ಹೊರಟಿದ್ದೆ. ತಂಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಮೊದಲು ಕಣ್ಣನ್ನೇ ನೋಡಿದಳು.

“ನಮ್ಮೋಳೇ ಕಣೋ ಇವಳು. ನಾಳೆ ಬೆಳಗ್ಗೇನೇ ಡಾಕ್ಟರಿಗೆ ತೋರಿಸಾಣ. ನಾನೂ ಬತ್ತೀನಿ.”

ಮೂಲೆಯಲ್ಲಿ ಕೂತಿದ್ದ ಅಪ್ಪ ತಲೆ ತಗ್ಗಿಸಿದರು. ತಂಗಿ ನೆಟ್ಟಗೆ ಹೋಗಿ ಮಗುವನ್ನು ಅವರ ತೊಡೆಯ ಮೇಲೆ ಮಲಗಿಸಿದಳು. “ಹಿಡ್ಕೊಳಪ್ಪ, ನಿಂದೇ ಮಾಲು.”

ಅಪ್ಪ ನಗಲು ಹೋಗಿ ಅತ್ತುಬಿಟ್ಟರು.